ಮುಂದ್ಲ ವಾರ ಬತ್ತೀನಿ ಕಣವ್ವ

ಪಶ್ಚಿಮವಾಹಿನಿಯ ಮೆಟ್ಟಿಲುಗಳ ಮೇಲೆ ಅಳು ಅಷ್ಟಾಗಿ ಕೇಳಿಸುವುದಿಲ್ಲ. ಅಲ್ಲಿಗೆ ಬರುವ ಹೊತ್ತಿಗೆ ಅತ್ತು ಮುಗಿದಿರುತ್ತದೆ. ಪುರೋಹಿತರು ಹೇಳಿಕೊಟ್ಟ ಹಾಗೆ ಮಗ ಮಡಕೆ ಹಿಡಿದು ನೀರಿಗಿಳಿಯುತ್ತಾನೆ, ಬೂದಿ ಬಿಡುತ್ತಾನೆ, ಮೂರು ಮುಳುಗು ಹಾಕಿ ಮೇಲೆ ಬರುತ್ತಾನೆ. ಒದ್ದೆ ಪಂಚೆ ಹಿಂಡಿಕೊಳ್ಳುವಾಗ ಪಕ್ಕದಲ್ಲಿ ನಿಂತ ಚಿಕ್ಕಪ್ಪನಿಗೋ ಭಾವಮೈದುನನಿಗೋ ಒಂದು ಮಾತು ಹೇಳುತ್ತಾನೆ. ಊರು, ಜಾತಿ, ವಯಸ್ಸು ಬೇರೆಬೇರೆ ಇರಬಹುದು, ಮಾತು ಮಾತ್ರ ಹೆಚ್ಚುಕಡಿಮೆ ಒಂದೇ: “ಹೋದ ತಿಂಗ್ಳೇ ಬರ್ಬೇಕಾಗಿತ್ತು ಚಿಕ್ಕಪ್ಪ. ‘ಮುಂದ್ಲ ವಾರ ಬತ್ತೀನಿ ಕಣವ್ವ’ ಅಂದಿದ್ದೆ.”

ಕೊಡಗಿನಿಂದ ಪೂರ್ವಕ್ಕೆ ಹರಿದು ಬರುವ ಕಾವೇರಿ ಶ್ರೀರಂಗಪಟ್ಟಣದ ಈ ಜಾಗದಲ್ಲಿ ಒಂದಿಷ್ಟು ದೂರ ಪಶ್ಚಿಮಕ್ಕೆ ತಿರುಗುತ್ತಾಳೆ. ಅಸ್ಥಿ ಬಿಡಲು ಇದೇ ಪವಿತ್ರ ಜಾಗ ಎಂದು ಜನ ನಂಬಿದ್ದು ಅದಕ್ಕೇ. 1948ರ ಫೆಬ್ರುವರಿಯಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಪಾಲೂ ಇಲ್ಲಿ ನೀರು ಸೇರಿತು. ಮಹಾಲಯ ಅಮಾವಾಸ್ಯೆಯ ದಿನವಂತೂ ಪಶ್ಚಿಮವಾಹಿನಿ, ಗೋಸಾಯಿ ಘಾಟ್, ಸಂಗಮ ಮೂರೂ ಕಡೆ ಕಾಲಿಡಲು ಜಾಗವಿರುವುದಿಲ್ಲ. ಅದೇ ಊರಿನ ಗಂಜಾಂನಲ್ಲಿ, ಅದೇ ಹೊಳೆಯ ದಡದಲ್ಲಿ ನಿಮಿಷಾಂಬ ನೆಲೆಸಿದ್ದಾಳೆ. ಬೇಡಿದ್ದನ್ನು ನಿಮಿಷದಲ್ಲಿ ಕೊಡುವ ತಾಯಿ ಎಂದು ನಂಬಿಕೆ. ತಡಮಾಡದ ದೇವತೆ ಒಂದು ಕಡೆ, ತಡಮಾಡಿದ ಮಕ್ಕಳು ಇನ್ನೊಂದು ಕಡೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎನ್ನುವ ಗಾದೆಗೆ ಇದಕ್ಕಿಂತ ಒಪ್ಪುವ ಊರು ಸಿಗಲಾರದು.

ಆ ಮೆಟ್ಟಿಲುಗಳ ಮೇಲೆ ಯಾರೂ ಹೇಳದ ಮಾತುಗಳನ್ನೂ ಗಮನಿಸಬೇಕು. ಸೈಟು ಕೊಳ್ಳುವುದು ತಡವಾಯಿತು, ಬಡ್ತಿ ಕೈತಪ್ಪಿತು ಎಂದು ಅಲ್ಲಿ ಯಾರೂ ಕೊರಗುವುದಿಲ್ಲ. ಅವ್ವನನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಲಿಲ್ಲ, ಅಪ್ಪ ಕೇಳುತ್ತಲೇ ಇದ್ದ ತಿರುಪತಿಗೆ ಹೋಗಿಬರಲಿಲ್ಲ, ಜಗಳವಾಡಿದ ಅಣ್ಣನ ಮನೆಯ ಹೊಸಿಲು ತುಳಿಯಲಿಲ್ಲ ಎಂಬುದೇ ಎಲ್ಲರ ಕೊರಗು. ಥಾಮಸ್ ಗಿಲೊವಿಚ್, ವಿಕ್ಟೋರಿಯಾ ಮೆಡ್ವೆಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1990ರ ದಶಕದಲ್ಲಿ ಜನರ ಪಶ್ಚಾತ್ತಾಪಗಳನ್ನು ಕೆದಕಿ ನೋಡಿದರು. ಮಾಡಿದ ತಪ್ಪು ಆಗಿಂದಾಗ ಹೆಚ್ಚು ಚುಚ್ಚುತ್ತದೆ, ಆದರೆ ವರ್ಷಗಳು ಉರುಳಿದ ಮೇಲೂ ಕಾಡುವುದು ಮಾಡದೆ ಬಿಟ್ಟದ್ದೇ ಎಂಬುದು ಅವರು ಕಂಡುಕೊಂಡ ಸಂಗತಿ. ಪಶ್ಚಿಮವಾಹಿನಿಯ ಪುರೋಹಿತರಿಗೆ ಇದು ಹೊಸ ವಿಷಯವೇನಲ್ಲ.

ಉಳಿದ ಹೊತ್ತು ಎಲ್ಲಿ ಹೋಯಿತು?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ. ಈ ನಾಲ್ಕು ತಾಲ್ಲೂಕುಗಳ ಯಾವ ಹಳ್ಳಿಗೆ ಹೋದರೂ ಮನೆಗೊಬ್ಬರು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಸಿಗುತ್ತಾರೆ. ಕ್ಯಾಬ್ ಓಡಿಸುವವರು, ಗಾರ್ಮೆಂಟ್ಸ್‌ಗೆ ಹೋಗುವವರು, ಹೋಟೆಲಿನವರು, ಸಾಫ್ಟ್‌ವೇರಿನವರು. ಕೆ.ಆರ್.ಪೇಟೆ ಕಡೆಯವರು ಮುಂಬೈಗೂ ಹೋಗಿ ನೆಲೆಸಿದ್ದಾರೆ. 2020ರ ಮೇ ತಿಂಗಳಲ್ಲಿ ಕೊರೊನಾ ಅವರನ್ನೆಲ್ಲ ಊರಿಗೆ ಓಡಿಸಿತು. ವರ್ಷಗಳಿಂದ ಬರಲಾಗದವರು ಬಂದರು, ಬಂದವರನ್ನು ಊರಾಚೆಯ ಹಾಸ್ಟೆಲುಗಳಲ್ಲಿ ಕ್ವಾರಂಟೈನ್‌ನಲ್ಲಿ ಇಟ್ಟರು. ಹೋಬಳಿಯವರೆಗೆ ಬಂದೂ ಅವ್ವನ ಮುಖ ನೋಡಲು ದಿನ ಎಣಿಸಬೇಕಾಯಿತು. “ಯಾವಾಗ ಬೇಕಾದ್ರೂ ಹೋಗ್ಬೋದು, ಊರು ಅಲ್ಲೇ ಇರ್ತದೆ” ಎಂಬ ಧೈರ್ಯ ಎಷ್ಟು ತೆಳು ಎನ್ನುವುದು ಆ ಬೇಸಿಗೆಯಲ್ಲಿ ಎಲ್ಲರಿಗೂ ತಿಳಿಯಿತು. ತಿಳಿದದ್ದನ್ನು ಮರೆಯಲು ಎರಡು ವರ್ಷವೂ ಬೇಕಾಗಲಿಲ್ಲ.

ಆಮೇಲೆ ಹೊಸ ರಸ್ತೆ ಬಂತು. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಗಿ, ಮೂರು ಗಂಟೆಯ ದಾರಿ ಹೆಚ್ಚುಕಡಿಮೆ ಒಂದೂವರೆ ಗಂಟೆಗೆ ಇಳಿಯಿತು. ಲೆಕ್ಕದ ಪ್ರಕಾರ ಊರಿಗೆ ಬರುವುದು ಇಮ್ಮಡಿಯಾಗಬೇಕಿತ್ತು. ಬಹಳ ಮನೆಗಳಲ್ಲಿ ಆದದ್ದು ಇಷ್ಟು: ಮೊದಲು ಬಂದವರು ರಾತ್ರಿ ಉಳಿಯುತ್ತಿದ್ದರು, ಈಗ ಊಟ ಮುಗಿಸಿ ಕೈ ತೊಳೆಯುತ್ತಲೇ “ಟ್ರಾಫಿಕ್ ಶುರುವಾಗೋಕೆ ಮುಂಚೆ ಹೊರಡ್ತೀನಿ” ಎನ್ನುತ್ತಾರೆ. ರಸ್ತೆ ಉಳಿಸಿಕೊಟ್ಟ ಹೊತ್ತನ್ನು ಅವ್ವನಿಗೆ ಕೊಡಬೇಕೆಂದು ಯಾರೂ ಗೊತ್ತುಮಾಡಿರಲಿಲ್ಲ. ಹೇಳಿಕೇಳುವವರಿಲ್ಲದ ಹೊತ್ತು ಆಫೀಸಿನ ಪಾಲಾಯಿತು, ಇಲ್ಲವೇ ಮೊಬೈಲಿನ ಪಾಲಾಯಿತು.

ಇನ್ನೂ ಒಂದನ್ನು ಹೊಸ ರಸ್ತೆ ಬಯಲು ಮಾಡಿತು. ಹಳೆಯ ಹೆದ್ದಾರಿಯಲ್ಲಿ ರಾಮನಗರ ದಾಟುವಾಗ ಜಾನಪದ ಲೋಕದ ಬಾಗಿಲು ಕಾಣುತ್ತಿತ್ತು. ಬಸ್ಸಿನ ಕಿಟಕಿಯಿಂದ ಅದನ್ನು ನೋಡಿ “ಒಂದಿನ ಇಳಿದು ನೋಡಬೇಕು” ಎಂದುಕೊಳ್ಳದ ಮಂಡ್ಯದವರು ಕಡಿಮೆ. ಹೊಸ ದಾರಿ ರಾಮನಗರವನ್ನು ಬಳಸಿಕೊಂಡು ಹೋಗುತ್ತದೆ. ದಾರಿಯಲ್ಲೇ ಇದೆಯಲ್ಲ ಎಂದು ಬಿಟ್ಟಿದ್ದದ್ದು ಈಗ ದಾರಿಯಲ್ಲಿ ಇಲ್ಲ.

ಹದ ಕಾಯುವುದು ಬೇರೆ

ಹಾಗೆಂದು ಕಾಯುವುದೆಲ್ಲ ಕೆಟ್ಟದ್ದು ಎನ್ನಲಾಗದು. ನಾಗಮಂಗಲದ ಕಡೆ ಬೇಸಾಯ ಹೆಚ್ಚಾಗಿ ಮಳೆಯನ್ನೇ ನಂಬಿದ್ದು. ಉತ್ತು ಹಸನು ಮಾಡಿಟ್ಟ ಹೊಲದ ಬದುವಿನ ಮೇಲೆ ರೈತ ಸುಮ್ಮನೆ ಕೂತಿದ್ದರೆ ನೋಡಿದವರು ಸೋಮಾರಿ ಎಂದಾರು. ಆತ ಒಂದು ಹಿಡಿ ಮಣ್ಣು ತೆಗೆದು ಒತ್ತಿ ನೋಡುತ್ತಾನೆ. ಉಂಡೆ ಕಟ್ಟಬೇಕು, ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ಕೈಗೆ ಅಂಟಿದರೆ ಇನ್ನೂ ಹಸಿ, ಉಂಡೆಯೇ ಕಟ್ಟದಿದ್ದರೆ ಆರಿಹೋಯಿತು. ಎರಡರ ನಡುವಿನದು ಹದ. ಹದ ಬಂದ ದಿನ ನೆಂಟರ ಮನೆಯಲ್ಲಿ ಮದುವೆಯಿದ್ದರೂ ರಾಗಿ ಬಿತ್ತಿಯೇ ಹೊರಡುವುದು.

ಪಾಂಡವಪುರದ ಆಲೆಮನೆಗಳಲ್ಲೂ ಇದೇ ಶಿಸ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುವಷ್ಟು ಹೊತ್ತೂ ಬೆಲ್ಲ ಮಾಡುವಾತ ನೊರೆ ತೆಗೆಯುತ್ತಾ ನಿಂತಿರುತ್ತಾನೆ, ಯಾವ ಅವಸರವೂ ಇಲ್ಲ. ಪಾಕ ದಪ್ಪಗಾದಂತೆ ಒಂದು ತೊಟ್ಟು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಟಿ ನೋಡುತ್ತಾನೆ. ಉಂಡೆ ಕಟ್ಟಿತೋ, ಆಮೇಲೆ ಅವನನ್ನು ಮಾತಾಡಿಸುವ ಹಾಗಿಲ್ಲ. ಒಂದು ಗಳಿಗೆ ತಡವಾದರೂ ಬೆಲ್ಲ ಕಂದುತ್ತದೆ. ಹೊಲದಲ್ಲಿ ನಿಂತ ಕಬ್ಬಿಗೂ ಹೊತ್ತಿದೆ. ಕಟಾವಿಗೆ ಒಪ್ಪಿಗೆ ಸಿಗದೆ ತಡವಾದರೆ ಸೂಲಂಗಿ ಬಂದು ತೂಕ ಇಳಿಯುತ್ತದೆ. ಸಕ್ಕರೆ ಜಿಲ್ಲೆಯ ರೈತನಿಗೆ ತಡ ಎಂಬುದು ಟನ್ನಿನ ಲೆಕ್ಕದಲ್ಲೇ ಗೊತ್ತು.

ಹದ ಕಾಯುವವನು ದಿನವೂ ಹೊಲಕ್ಕೆ ಹೋಗಿ ಬರುತ್ತಾನೆ. ಮುಂದೂಡುವವನು ಆ ಕಡೆ ತಲೆಯನ್ನೇ ಹಾಕುವುದಿಲ್ಲ. ಎರಡನ್ನೂ ಬೇರೆ ಮಾಡಿ ಗುರುತಿಸಲು ಈ ಒಂದು ಪರೀಕ್ಷೆ ಸಾಕು.

ತಾತನ ಹೆಸರಿನ ಪಹಣಿ

ತಲೆ ಹಾಕದಿರುವುದರ ದೊಡ್ಡ ದಾಖಲೆ ಇರುವುದು ಕಂದಾಯ ಇಲಾಖೆಯಲ್ಲಿ. ತಾತ ತೀರಿಕೊಂಡು ಒಂದು ತಲೆಮಾರೇ ಕಳೆದಿದೆ, ಅಪ್ಪನೂ ಇಲ್ಲ, ಪಹಣಿ ಮಾತ್ರ ಇನ್ನೂ ತಾತನ ಹೆಸರಿನಲ್ಲೇ ಬರುತ್ತಿದೆ. ಇಂಥ ಕುಟುಂಬ ಇಲ್ಲದ ಊರಿಲ್ಲ. ಪೌತಿ ಖಾತೆ ಮಾಡಿಸಿಲ್ಲವೇಕೆ ಎಂದರೆ “ಮಾಡ್ಸಣ ಬುಡಣ್ಣ, ಜಮೀನು ಎಲ್ಲಿಗೋಯ್ತದೆ” ಎಂಬ ಉತ್ತರ. ಜಮೀನು ಎಲ್ಲಿಗೂ ಹೋಗುವುದಿಲ್ಲ ನಿಜ. ಬೆಳೆಸಾಲ ಸಿಗುವುದಿಲ್ಲ, ಬೆಳೆ ಹಾನಿಯ ಪರಿಹಾರ ಬರುವುದಿಲ್ಲ, ರಸ್ತೆಗೋ ನಾಲೆಗೋ ಜಮೀನು ಹೋದರೆ ದುಡ್ಡು ಯಾರ ಖಾತೆಗೆ ಹಾಕುವುದೆಂದು ಫೈಲು ನಿಂತಲ್ಲೇ ನಿಲ್ಲುತ್ತದೆ. ಸತ್ತವರ ಹೆಸರಿನ ಜಮೀನನ್ನು ವಾರಸುದಾರರಿಗೆ ಮಾಡಿಕೊಡಲು ಇಲಾಖೆಯೇ ಆಂದೋಲನ ಹೂಡಿದ್ದು ಈ ರೋಗ ಎಷ್ಟು ಹಬ್ಬಿದೆಯೆಂದು ತಿಳಿದ ಮೇಲೆಯೇ.

ತಡಮಾಡಿದಷ್ಟೂ ಗಂಟು ಬಿಗಿಯಾಗುತ್ತದೆ. ಮರಣವನ್ನು 21 ದಿನದೊಳಗೆ ನೋಂದಾಯಿಸಿದರೆ ಖರ್ಚಿಲ್ಲ, ತಕರಾರಿಲ್ಲ. 30 ದಿನದವರೆಗೆ ತಡವಾದರೆ ದಂಡ ಶುಲ್ಕ. ಅದೂ ಮೀರಿದರೆ ಅಧಿಕಾರಿಯ ಲಿಖಿತ ಅನುಮತಿ. ವರ್ಷ ದಾಟಿತೋ, ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಮರಣ ಪತ್ರ ಕೈಗೆ ಬಂದ ಮೇಲೆ ನಾಡಕಚೇರಿಯಲ್ಲಿ ವಂಶವೃಕ್ಷ. ಅದರಲ್ಲಿ ಒಬ್ಬರ ಹೆಸರು ಬಿಟ್ಟರೂ ಅರ್ಜಿ ವಾಪಸು.

ಇಷ್ಟೆಲ್ಲ ಅಲೆದಾಟವನ್ನು ರೈತ ತಡೆದುಕೊಳ್ಳುತ್ತಾನೆ. ಅವನು ಹೆದರುವುದು ಇನ್ನೊಂದಕ್ಕೆ. ಹೆಣ್ಣುಮಕ್ಕಳಿಗೂ ಸಮಪಾಲು ಎಂದು 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿಯಾಗಿದೆ. ವಂಶವೃಕ್ಷದಲ್ಲಿ ಕಿಕ್ಕೇರಿಗೆ ಕೊಟ್ಟ ತಂಗಿ ಇದ್ದಾಳೆ, ಅವಳ ಒಪ್ಪಿಗೆ ಬೇಕು, ಸಹಿ ಬೇಕು. ಅವಳ ಮನೆಗೆ ಹೋಗಿ ಎಷ್ಟೋ ವರ್ಷವಾಗಿದೆ. ಗೃಹಪ್ರವೇಶಕ್ಕೆ ಸರಿಯಾಗಿ ಕರೆಯಲಿಲ್ಲ ಎಂದು ಅವಳಿಗೆ ಮುನಿಸು, ಅಪ್ಪನ ತಿಥಿಗೆ ಬರಲಿಲ್ಲ ಎಂದು ಇವನಿಗೆ. ಈಗ ಸಹಿಗೋಸ್ಕರ ಹೋದರೆ “ಬೇಕಾದಾಗ ಬಂದ್ಯಾ ಅಣ್ಣ” ಎಂದಾಳು ಎನ್ನುವ ಅಳುಕು. ಪೌತಿ ಖಾತೆ ವರ್ಷದಿಂದ ವರ್ಷಕ್ಕೆ ಜಾರುವುದು ಈ ಅಳುಕಿನಿಂದ. ಮುಂದೂಡುವುದನ್ನು ಸೋಮಾರಿತನ ಎಂದು ಬೈಯುತ್ತೇವೆ, ಅದರ ಒಳಗೆ ಮುಖ ಕೊಟ್ಟು ಮಾತಾಡಲಾಗದ ಸಂಕೋಚ ಇರುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಗದ್ದೆಯಲ್ಲಿ ಬೆನ್ನು ಬಗ್ಗಿಸಿ ದುಡಿಯುವವನೇ ಒಂದು ಫೋನು ಮಾಡಲು ಆರು ತಿಂಗಳು ತೆಗೆದುಕೊಳ್ಳುತ್ತಾನೆ.

ಇಳಿವಯಸ್ಸಿನ ಸುಗ್ಗಿ

ಕೆಲಸ ತಡವಾಯಿತೆಂದು ಎದೆಗುಂದಿದವರಿಗೆ ಈ ಸೀಮೆಯಲ್ಲೇ ಧೈರ್ಯ ಹೇಳುವವರಿದ್ದಾರೆ. ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರು 1915ರಲ್ಲಿ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿದವರು. ಸರ್ಕಾರಿ ಅಧಿಕಾರಿಯಾಗಿ, ಜಿಲ್ಲಾಧಿಕಾರಿಯಾಗಿ ಆಡಳಿತದಲ್ಲಿ ಮುಳುಗಿದ್ದವರು. ಕರ್ನಾಟಕ ಜಾನಪದ ಪರಿಷತ್ತನ್ನು ಅವರು ಹುಟ್ಟುಹಾಕಿದ್ದು 1979ರಲ್ಲಿ, ಜಾನಪದ ಲೋಕ ಬಾಗಿಲು ತೆರೆದದ್ದು 1994ರಲ್ಲಿ. ಆಗ ಅವರಿಗೆ 79 ವರ್ಷ.

ಅದೇ 1915ರಲ್ಲಿ ಪಕ್ಕದ ಕೆ.ಆರ್.ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದರು. 1942ರ ‘ಮೈಸೂರ ಮಲ್ಲಿಗೆ’ ಕಚೇರಿಯ ದುಡಿಮೆಯ ಜೊತೆಜೊತೆಗೇ ಬದುಕಿದ ಕವಿಯದು. ‘ದುಂಡುಮಲ್ಲಿಗೆ’ ಮುದುಕನಾದ ಕವಿಯದು. ಅದೇ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರು ‘ಹಗಲುಗನಸುಗಳು’ ಎಂಬ ಹೆಸರಿಟ್ಟು ಪ್ರಬಂಧಗಳ ಪುಸ್ತಕ ತಂದವರು. ಕೆಲಸಗಳ್ಳತನವನ್ನು ಹೆಸರಿನಲ್ಲೇ ಒಪ್ಪಿಕೊಂಡ ಪುಸ್ತಕ ಅದು! ದೇವರಿದ್ದಾನೆಯೇ ಎಂಬ ದೊಡ್ಡ ಪ್ರಶ್ನೆಯನ್ನು ಬಿಡಿಸಿ ನೋಡುವ ‘ದೇವರು’ ಪ್ರಕಟವಾದಾಗ ಅವರಿಗೆ ತೊಂಬತ್ತು ದಾಟಿತ್ತು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು.ತಿ. ನರಸಿಂಹಾಚಾರ್ಯರ ಮಹಾಕಾವ್ಯ ‘ಶ್ರೀಹರಿಚರಿತೆ’ ಬಂದದ್ದು ಅವರ ಎಂಬತ್ತರ ನಂತರ. ಪು.ತಿ.ನ., ಮೂರ್ತಿರಾಯರು, ನರಸಿಂಹಸ್ವಾಮಿ ಮೂವರಿಗೂ 1990ರ ದಶಕದಲ್ಲಿ ಪಂಪ ಪ್ರಶಸ್ತಿ ಬಂತು, ಮೂವರಿಗೂ ಇಳಿವಯಸ್ಸಿನ ಪುಸ್ತಕಕ್ಕೇ ಬಂತು. ಪಾಂಡವಪುರ, ಕೆ.ಆರ್.ಪೇಟೆ ಅಕ್ಕಪಕ್ಕದ ತಾಲ್ಲೂಕುಗಳು ಎಂಬುದನ್ನು ನೆನೆದರೆ ಈ ಮಣ್ಣಿನಲ್ಲಿ ಹಿಂಗಾರು ಬೆಳೆ ಚೆನ್ನಾಗಿ ಬರುತ್ತದೆ ಎನ್ನಬೇಕು.

ನಾಗೇಗೌಡರ ಬದುಕಿನಲ್ಲಿ ಇನ್ನೊಂದು ಗಮನಿಸುವ ಅಂಶವಿದೆ. ಕಟ್ಟಡ, ಪರಿಷತ್ತು, ವಸ್ತುಸಂಗ್ರಹಾಲಯ ಇವು ತಡವಾಗಿ ಬಂದವು. ಹಾಡು ಕೇಳಿ ಬರೆದುಕೊಳ್ಳುವುದನ್ನು ಮಾತ್ರ ಅವರು ನಿವೃತ್ತಿಯವರೆಗೆ ಇಟ್ಟುಕೊಳ್ಳಲಿಲ್ಲ. ‘ಸೋಬಾನೆ ಚಿಕ್ಕಮ್ಮನ ಪದಗಳು’ ಎಂದು ಒಬ್ಬ ಹೆಣ್ಣುಮಗಳ ಬಾಯಲ್ಲಿದ್ದ ಪದಗಳನ್ನೇ ಪುಸ್ತಕ ಮಾಡಿದರು. ಹಾಡುವವರ ಜೊತೆಗೆ ಹಾಡೂ ಮಣ್ಣಾಗುತ್ತದೆ ಎಂಬುದನ್ನು ಅರಿತ ಅಧಿಕಾರಿ, ಕಲ್ಲು–ಗಾರೆಯ ಕೆಲಸವನ್ನು ಕಾಯಲು ಬಿಟ್ಟು ಹಾಡುವವರ ಬಳಿಗೆ ಮೊದಲು ಹೋದರು. ಕೆಲಸಕ್ಕೆ ಹದವುಂಟು, ಹೋದ ಹದ ಮತ್ತೊಂದು ಮಳೆಗೆ ಬಂದೀತು. ಮನುಷ್ಯರ ವಿಷಯದಲ್ಲಿ ಅಂಥ ಮಳೆ ನಕ್ಷತ್ರಗಳಿಲ್ಲ. ನಾವು ಇದನ್ನೇ ತಿರುವುಮುರುವು ಮಾಡಿಕೊಂಡಿದ್ದೇವೆ. ನಾಳೆ ಮಾಡಬಹುದಾದ ಮೇಲ್‌ಗೆ ಈಗಲೇ ಉತ್ತರ ಬರೆದು, ಈಗಲೇ ಮಾಡಬೇಕಾದ ಫೋನನ್ನು ಭಾನುವಾರಕ್ಕೆ ಇಡುತ್ತೇವೆ.

ಎಡೆಯ ಮುಂದೆ

ಮಾಡದೆ ಹೋದದ್ದಕ್ಕೆ ಈ ಕಡೆಯ ಜನ ಕಂಡುಕೊಂಡ ಒಂದು ಪರಿಹಾರ ಪಿತೃಪಕ್ಷದ ಎಡೆ. ತೀರಿಕೊಂಡವರ ಫೋಟೊ ಒರೆಸಿ, ಹೂವು ಹಾಕಿ, ಮುಂದೆ ಬಾಳೆ ಎಲೆ ಹಾಸುತ್ತಾರೆ. ಮುದ್ದೆ, ನಾಟಿ ಕೋಳಿ ಸಾರು, ಬೋಟಿ ಗೊಜ್ಜು, ಕಜ್ಜಾಯ. ಅಪ್ಪ ಸೇದುತ್ತಿದ್ದ ಬೀಡಿಯ ಕಟ್ಟು, ಅದೇ ಬ್ರ್ಯಾಂಡು. ಅಜ್ಜಿಗೆ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ಹೊಸ ಪಂಚೆ, ಹೊಸ ಸೀರೆ. ಧೂಪ ಹಾಕಿ ಬಾಗಿಲು ಮುಂದೆ ಮಾಡಿ, ಹಿರಿಯರು ಉಂಡು ಹೋಗಲಿ ಎಂದು ಸ್ವಲ್ಪ ಹೊತ್ತು ಹೊರಗೆ ಕಾಯುತ್ತಾರೆ. ಡಾಕ್ಟರು ಬೇಡವೆಂದಿದ್ದಾರೆ ಎಂದು ಬದುಕಿದ್ದಾಗ ಕೈಯಿಂದ ಕಿತ್ತುಕೊಂಡಿದ್ದ ಬೀಡಿಯನ್ನು ಮಗನೇ ಹಚ್ಚಿ ಇಡುವುದುಂಟು.

ಇದನ್ನು ಬೂಟಾಟಿಕೆ ಎಂದು ನಗುವುದು ಸುಲಭ. ನನಗೆ ಅಲ್ಲಿ ಕಾಣುವುದು ಕ್ಷಮೆ ಕೇಳಲು ಊರು ಮಾಡಿಕೊಟ್ಟ ಒಂದು ದಾರಿ. ವರ್ಷಕ್ಕೊಂದು ದಿನ ತಪ್ಪೊಪ್ಪಿಗೆ, ಆಮೇಲೆ ಎಲ್ಲರೂ ಕೂತು ಊಟ. ಕೊರಗನ್ನು ವರ್ಷವಿಡೀ ಹೊತ್ತು ತಿರುಗಬೇಕಾಗಿಲ್ಲ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ವೋಲ್, ತಿಮೊಥಿ ಪಿಚಿಲ್ ಮತ್ತು ಶಾನನ್ ಬೆನೆಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದೇ ದಿಕ್ಕಿನದು: ಮೊದಲ ಪರೀಕ್ಷೆಗೆ ಓದದೆ ಕಾಲ ತಳ್ಳಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಕಾಲ ತಳ್ಳಿದ್ದು ಕಡಿಮೆ. ಹಳಿದುಕೊಂಡಷ್ಟೂ ಆ ಕೆಲಸದ ನೆನಪೇ ಬೇಡವೆನಿಸುತ್ತದೆ, ಬೇಡವೆನಿಸಿದ್ದು ಮತ್ತೆ ಮುಂದಕ್ಕೆ ಹೋಗುತ್ತದೆ. ಹನ್ನೆರಡು ಗಂಟೆಯ ಪಾಳಿಯಲ್ಲಿ ಸೆಕ್ಯುರಿಟಿ ಕೆಲಸ ಮಾಡುವ, ರಜೆ ಕೇಳಿದರೆ ಸಂಬಳ ಮುರಿಸಿಕೊಳ್ಳುವ ಮಗನಿಗೆ “ನೀನು ಬರಲಿಲ್ಲ” ಎಂದು ಚುಚ್ಚುವ ಮುನ್ನ ನೆಂಟರೂ ಇದನ್ನು ನೆನೆಯಬೇಕು.

ಕೃಪೆಯ ಬಗ್ಗೆ ಮೇಲುಕೋಟೆಗೆ ಹೇಳಿಕೊಡಬೇಕಾದ್ದಿಲ್ಲ. ರಾಮಾನುಜರು ವರ್ಷಗಟ್ಟಲೆ ನೆಲೆಸಿದ್ದ ಬೆಟ್ಟ ಅದು. ಅವರ ನಂತರ ಶ್ರೀವೈಷ್ಣವರಲ್ಲಿ ಒಂದು ಚರ್ಚೆ ಎದ್ದಿತು. ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಅಪ್ಪಿಕೊಳ್ಳಬೇಕು, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಭಗವಂತನ ಕೃಪೆ ಯಾವ ರೀತಿಯದು? ವಡಗಲೆಯವರು ಕೋತಿಮರಿ ಎಂದರು, ತೆಂಗಲೆಯವರು ಬೆಕ್ಕಿನ ಮರಿ ಎಂದರು. ಗಡಿಬಿಡಿಯ ಸಂಸಾರಸ್ಥನಿಗೆ ಎರಡೂ ಬೇಕು: ಕೈಗೆ ಸಿಕ್ಕಷ್ಟನ್ನು ಹಿಡಿದುಕೊಳ್ಳುವುದು, ಕೈ ಜಾರಿದ್ದಕ್ಕೆ ತಾಯಿಯಿದ್ದಾಳೆ ಎಂದು ಹಗುರಾಗುವುದು. ಮೇಲುಕೋಟೆಯ ಕವಿ ಪು.ತಿ.ನ. ಮೈಸೂರು ಸಂಸ್ಥಾನದ ಸೇನಾ ಇಲಾಖೆಯ ಕಚೇರಿಯಲ್ಲಿ ಕಡತಗಳ ನಡುವೆ ದುಡಿದವರು. ಕಾವ್ಯದ ವಿಚಾರ ಮಾಡುವಾಗ ಅವರು ಎರಡು ಶಕ್ತಿಗಳನ್ನು ಹೆಸರಿಸಿದರು, ಭವನಿಮಜ್ಜನ ಚಾತುರ್ಯ ಮತ್ತು ಲಘಿಮಾ ಕೌಶಲ. ಸಂಸಾರದಲ್ಲಿ ಪೂರಾ ಮುಳುಗುವ ಜಾಣ್ಮೆ ಒಂದು, ಅದರ ಭಾರ ತಟ್ಟದಂತೆ ತೇಲುವ ಕುಶಲತೆ ಇನ್ನೊಂದು. ಕವಿಗೆ ಹೇಳಿದ್ದು ಬಸ್ ಕಂಡಕ್ಟರನಿಗೂ ಸಲ್ಲುತ್ತದೆ.

ಯಾರ ಬಿಡುವಿಗೂ ಕಾಯದ ದಿನಗಳು

ಹಬ್ಬ ಇರುವುದು ಈ ತೇಲುವ ಕುಶಲತೆಗಾಗಿಯೇ. ವೈರಮುಡಿ ಕಿರೀಟ ವರ್ಷವಿಡೀ ಮಂಡ್ಯದ ಜಿಲ್ಲಾ ಖಜಾನೆಯಲ್ಲಿ ಭದ್ರವಾಗಿರುತ್ತದೆ. ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಹೊರಟು, ದಾರಿಯ ಹಳ್ಳಿಗಳಲ್ಲೆಲ್ಲ ಪೂಜೆ ಮಾಡಿಸಿಕೊಂಡು ಮೇಲುಕೋಟೆ ತಲುಪಿ, ರಾತ್ರಿ ಚೆಲುವನಾರಾಯಣನ ಮುಡಿಗೇರುತ್ತದೆ. ಜಿಲ್ಲಾಧಿಕಾರಿಗೆ ಮೀಟಿಂಗ್ ಇದೆ, ಭಕ್ತರಿಗೆ ಡೆಡ್‌ಲೈನ್ ಇದೆ ಎಂದು ಮುಂದಿನ ವಾರಕ್ಕೆ ಹೋಗುವುದಿಲ್ಲ. ಯುಗಾದಿಯ ಮಾರನೆಯ ದಿನದ ಹೊಸತೊಡಕೂ ಹಾಗೆಯೇ. ಮಟನ್ ಅಂಗಡಿಯ ಮುಂದೆ ಬೆಳಗಿನ ಜಾವವೇ ಸಾಲು ನಿಲ್ಲುತ್ತದೆ, ಬೆಂಗಳೂರಿನಿಂದ ಬಂದವರು ಆ ಸಾಲಿನಲ್ಲೇ ಬಾಲ್ಯದ ಗೆಳೆಯರನ್ನು ಕಾಣುತ್ತಾರೆ. ದಿನ ಗೊತ್ತಾಗಿದ್ದರೆ ಮನಸ್ಸು ಸಬೂಬು ಹುಡುಕುವುದಿಲ್ಲ. “ಬಿಡುವಾದಾಗ ಬರ್ತೀನಿ” ಎಂದವನು ಬರುವುದಿಲ್ಲ, “ಪ್ರತಿ ಹುಣ್ಣಿಮೆಗೆ ಬರ್ತೀನಿ” ಎಂದವನು ನಾಲ್ಕು ಹುಣ್ಣಿಮೆ ತಪ್ಪಿಸಿದರೂ ಎಂಟಕ್ಕೆ ಬಂದಿರುತ್ತಾನೆ.

ಮೇಲುಕೋಟೆಯಲ್ಲೇ ರಾಯಗೋಪುರವೂ ಇದೆ, ಮುಗಿಯದೆ ಉಳಿದ ಗೋಪುರ. ಎತ್ತರದ ಕಂಬಗಳು ಮೇಲಕ್ಕೆ ಹೋಗಿ ಬಯಲಿಗೆ ತೆರೆದು ನಿಂತಿವೆ. ಸಿನಿಮಾದವರು, ಮದುವೆ ಫೋಟೊದವರು ಅಲ್ಲಿಗೇ ಬರುತ್ತಾರೆ, ಅರೆಬರೆ ಕಟ್ಟಡ ಎಂದು ಯಾರೂ ಮುಖ ತಿರುಗಿಸುವುದಿಲ್ಲ. ಅರ್ಧಕ್ಕೆ ನಿಂತ ಮನೆ, ಬರೆಯದ ಪುಸ್ತಕ, ಕಲಿಯದ ವೀಣೆ, ಕಳುಹಿಸದ ಅರ್ಜಿ ಇವೆಲ್ಲ ಹಾಗೇ ಇರಲಿ. ತೊಂಬತ್ತರವರೆಗೂ ಹೊತ್ತಿದೆ ಎಂದು ಅಕ್ಕಿಹೆಬ್ಬಾಳಿನ ಮೂರ್ತಿರಾಯರು ತೋರಿಸಿಕೊಟ್ಟಿದ್ದಾರೆ.

ಕಿಕ್ಕೇರಿಯ ತಂಗಿಯ ಮನೆಗೆ ಮಾತ್ರ ಈ ವಾರವೇ ಹೊರಡಬೇಕು. ಹೋಗುವಾಗ ಪೌತಿ ಖಾತೆಯ ಕಾಗದ ಒಯ್ಯುವುದು ಬೇಡ. ಹೂವು, ಬಾಳೆಹಣ್ಣು, ಮಕ್ಕಳಿಗೆ ಮಂಡ್ಯದ ಸಿಹಿತಿಂಡಿ ಒಯ್ದರೆ ಸಾಕು. “ಈಗ ನೆನಪಾಯ್ತಾ ಅಣ್ಣ” ಎಂದು ಅವಳು ಬೈದರೆ ಬೈಸಿಕೊಂಡು, ಉಪ್ಸಾರು ಮುದ್ದೆ ಉಂಡು ಬರುವುದು. ಸಹಿಯ ಮಾತು ಮುಂದಿನ ಸಲಕ್ಕಿರಲಿ. ಅದನ್ನು ಧಾರಾಳವಾಗಿ ಮುಂದೂಡಬಹುದು.